ಹಾಡು ಬರೆದವರ ಹೆಸರು ಗೊತ್ತು, ತಮಟೆ ಬಡಿದವರದ್ದು?

ದಲಿತ ಚಳವಳಿಯ ಚರಿತ್ರೆ ಅಂದ ಕೂಡಲೇ ನಾವೆಲ್ಲ ಒಂದು ಪಟ್ಟಿ ಒಪ್ಪಿಸ್ತೀವಿ. ಬಸವಲಿಂಗಪ್ಪ, ಕೃಷ್ಣಪ್ಪ, ದೇವನೂರು, ಸಿದ್ಧಲಿಂಗಯ್ಯ. ಪಟ್ಟಿ ತಪ್ಪಲ್ಲ. ಆದರೆ ಇವರು ಒಬ್ಬೊಬ್ಬರೇ ನಿಂತು ಚಳವಳಿ ಕಟ್ಟಿದರು ಅನ್ನೋ ಹಾಗೆ ಹೇಳ್ತೀವಲ್ಲ, ಅದು ಅವರಿಗೂ ಒಪ್ಪಿಗೆಯಾಗುವ ಮಾತಲ್ಲ.

1973ರ ನವೆಂಬರ್, ಮೈಸೂರು. ಅರಸು ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ಅಷ್ಟಕ್ಕೇ ರಾಜ್ಯ ಹೊತ್ತಿ ಉರೀತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಯಾಯ್ತು, ಅವರ ಮಂತ್ರಿಗಿರಿಯೂ ಹೋಯ್ತು. ಆ ಏಟು ತಿಂದ ತಲೆಮಾರೇ ಮುಂದೆ ದಲಿತ ಸಂಘರ್ಷ ಸಮಿತಿ ಕಟ್ಟಿತು.

ಕಟ್ಟಿದ್ದು ಹೇಗೆ? ಒಬ್ಬೊಬ್ಬರದ್ದು ಒಂದೊಂದು ಕಸುಬು. ಭದ್ರಾವತಿಯ ಕಾಲೇಜಲ್ಲಿ ಕನ್ನಡ ಪಾಠ ಮಾಡ್ತಿದ್ದ ಪ್ರೊ. ಬಿ. ಕೃಷ್ಣಪ್ಪನವರದ್ದು ಸಂಘಟನೆ. ಮೈಸೂರಿನ ಗೆಳೆಯರು ಸೇರಿ ತಂದದ್ದು 'ಪಂಚಮ' ಪತ್ರಿಕೆ. ಶ್ರೀರಾಮಪುರದ ಕೇರಿಯಿಂದ ಬಂದ ಸಿದ್ಧಲಿಂಗಯ್ಯನವರದ್ದು ಹಾಡು. ಅವರ ಕಾಲೇಜು ಗೆಳೆಯ, ದೊಡ್ಡಬಳ್ಳಾಪುರದ ನೇಕಾರರ ಮನೆಯ ಡಿ.ಆರ್. ನಾಗರಾಜ್ ಅವರದ್ದು ವಿಮರ್ಶೆ.

1975ರಲ್ಲಿ 'ಹೊಲೆಮಾದಿಗರ ಹಾಡು' ಬಂತು. ಈಗ ಯೋಚನೆ ಮಾಡಿ: ಆ ಕಾಲದ ಕೇರಿಗಳಲ್ಲಿ ಪುಸ್ತಕ ಕೊಂಡು ಓದುವವರು ಎಷ್ಟು ಜನ? ಪುಸ್ತಕ ನಡೆದು ಬರಲಿಲ್ಲ ಸ್ವಾಮಿ, ಗಂಟಲುಗಳು ಹೊತ್ತು ತಂದವು. ಮೈಸೂರಿನ ಕಡೆ ಜನಾರ್ದನ್ (ಜನ್ನಿ) ಹಾಡಿದರು. ಕೋಲಾರದಲ್ಲಿ ಕೋಟಿಗಾನಹಳ್ಳಿ ರಾಮಯ್ಯ ಬರೆದರು, ಪಿಚ್ಚಳ್ಳಿ ಶ್ರೀನಿವಾಸ್ ಹಾಡಿದರು. ಅವರ ಹಿಂದೆ ದನಿ ಕೂಡಿಸಿದ ಹಾಸ್ಟೆಲ್ ಹುಡುಗರು, ಕೂಲಿಯ ಹೆಣ್ಣುಮಕ್ಕಳು ಎಷ್ಟೋ ಜನ. ಜನರ ಬಾಯಿಗೆ ಒಗ್ಗದ ಪದ ಜಾಥಾದಲ್ಲಿ ಉಳಿಯಲ್ಲ. ಹಾಡು ಉಳಿದದ್ದರಲ್ಲಿ ಕವಿಯಷ್ಟೇ ಪಾಲು ಹಾಡಿದವರಿಗೂ ಇದೆ.

ಇನ್ನು ತಮಟೆ. ಸಾವಿಗೆ, ಜಾತ್ರೆಗೆ, ಡಂಗುರಕ್ಕೆ ಊರವರು ಕರೆದಾಗ ಹೋಗಿ ಬಡಿಯಲೇಬೇಕಿದ್ದ ಬಿಟ್ಟಿಚಾಕರಿಯ ವಾದ್ಯ ಅದು. ಅದನ್ನ ಬಿಸಾಕಿ ಅಂದವರು ನಮ್ಮಲ್ಲೇ ಇದ್ದರು, ಇದ್ದಾರೆ. ಅವರ ಸಿಟ್ಟಿಗೆ ಕಾರಣ ಇದೆ. ಆದರೆ ಅದೇ ತಮಟೆ ಜಾಥಾದ ಮುಂದೆ ಬಂದಾಗ ಯಾರ ಅಪ್ಪಣೆಗೂ ಬಡಿದದ್ದಲ್ಲ. ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡಿ, ಸಾವಿರ ಹೆಜ್ಜೆಗೆ ಒಂದೇ ಗತಿ ಕೊಟ್ಟವನು ಕಲಾವಿದ. ಕರಪತ್ರದಲ್ಲಿ ಮಾತ್ರ ಅವನ ಹೆಸರಿರಲಿಲ್ಲ.

ಹೊರಗಿನವರೂ ಕೈ ಜೋಡಿಸಿದರು. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ನಡೆದ ನರಮೇಧವನ್ನು ಸಮುದಾಯ ತಂಡ, ಸಿಜಿಕೆ ನಿರ್ದೇಶನದಲ್ಲಿ, ಬೀದಿ ನಾಟಕ ಮಾಡಿ ಊರೂರಿಗೆ ಒಯ್ದಿತು. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನ ದಲಿತ ಸಾಹಿತ್ಯದ ಗೋಷ್ಠಿಗೆ ಜಾಗ ಇಲ್ಲ ಅಂದಾಗ, ಬೆಂಗಳೂರಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೀತು. ಅಲ್ಲಿ ದಲಿತರೂ ಇದ್ದರು, ದಲಿತರಲ್ಲದವರೂ ಇದ್ದರು.

ಹಾಗಂತ ಕೂಡಿ ಕೆಲಸ ಮಾಡೋದು ಅಂದರೆ ನಮ್ಮ ದನಿಯನ್ನ ಇನ್ನೊಬ್ಬರ ಕೈಗೆ ಕೊಡೋದಲ್ಲ. ಮೈಕ್ ಯಾರ ಕೈಲಿದೆ, ಹೆಸರು ಯಾರದ್ದು ಉಳೀತು ಅಂತ ಕೇಳ್ತಾನೇ ಕೂಡಬೇಕು. ಈ ಪ್ರಶ್ನೆಯನ್ನ ಹೊರಗಿನವರಿಗೆ ಕೇಳೋ ನಾವು ನಮ್ಮೊಳಗೂ ಕೇಳಿಕೊಳ್ಳಬೇಕಲ್ವಾ? ಬರೆಯಬಲ್ಲವನ ಹೆಸರು ಉಳಿದು ಬಡಿಯಬಲ್ಲವನ ಹೆಸರು ಅಳಿದರೆ, ಅದೂ ಮೇಲುಕೀಳೇ.

ಸಿದ್ಧಲಿಂಗಯ್ಯನವರು 2021ರ ಜೂನ್‌ನಲ್ಲಿ ಕೋವಿಡ್‌ಗೆ ಬಲಿಯಾದರು. ಅವರ ಪುಸ್ತಕಗಳಿವೆ. ಆದರೆ ಆ ಹಾಡುಗಳನ್ನ ನಿಮ್ಮ ತಾಲ್ಲೂಕಿನಲ್ಲಿ ಹಾಡಿದವರು, ತಮಟೆ ಬಡಿದವರು ಈಗ ಅರವತ್ತು ಎಪ್ಪತ್ತು ದಾಟಿದವರು. ಅವರದ್ದು ಯಾವ ಪುಸ್ತಕವೂ ಇಲ್ಲ. ಕೈಯಲ್ಲಿ ಫೋನ್ ಇದೆ ಗೆಳೆಯರೇ. ಈ ಭಾನುವಾರ ಒಬ್ಬರ ಮನೆಗಾದರೂ ಹೋಗಿ, ಅವರ ದನಿ ರೆಕಾರ್ಡ್ ಮಾಡಿ, ಊರು ಹೆಸರು ಬರೆದಿಡಿ.

ಜೈಭೀಮ್.