ಕೆಂಗೇರಿಯ ನೆಲ, ನೀರು, ಜನ

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಧರ್ಮಕೇಂದ್ರಗಳಿಗೆ ಸೇರಿದ ನಿಮ್ಮಲ್ಲಿ ಬಹುಮಂದಿಗೆ ಕೆಂಗೇರಿ ಎಂಬುದು ಬಸ್ಸಿನ ಫಲಕದ ಮೇಲೆ ಓದಿದ ಹೆಸರು. ಇಲ್ಲವೇ 2021ರ ಆಗಸ್ಟ್ ತಿಂಗಳಲ್ಲಿ ತೆರೆದ ಮೆಟ್ರೋ ಮಾರ್ಗದ ಒಂದು ನಿಲ್ದಾಣ. ಆದರೆ 2007ರವರೆಗೆ ಅದು ತನ್ನದೇ ಆದ ಪುರಸಭೆಯನ್ನೂ ಎಲ್ಲೆಯನ್ನೂ ಹೊಂದಿದ್ದ ಪಟ್ಟಣವಾಗಿತ್ತು. ತಾಲ್ಲೂಕು ಕೇಂದ್ರದ ಪಟ್ಟ ಅದಕ್ಕೆ ಸಿಗಲಿಲ್ಲ. ಬೆಂಗಳೂರು ದಕ್ಷಿಣ ತಾಲ್ಲೂಕಿನ ಒಂದು ಹೋಬಳಿಯ ಮುಖ್ಯಸ್ಥಾನವಷ್ಟೇ. ಇಂಥ ಸಣ್ಣ ಊರುಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಯಾರಿಗೂ ಹೇಳುವುದಿಲ್ಲ, ಮಕ್ಕಳಿಗಂತೂ ಹೇಳುವುದೇ ಇಲ್ಲ.

ಹೆಸರಿನಿಂದಲೇ ಆರಂಭಿಸೋಣ. ‘ತೆಂಗಿನಕೇರಿ’ ಎಂಬುದೇ ಕೆಂಗೇರಿಯಾಯಿತೆಂದು ಹೇಳುವವರಿದ್ದಾರೆ. ಕೇಳಲು ಸೊಗಸಾಗಿದೆ. ಆದರೆ ಕೆಂಗಣ್ಣು, ಕೆಂದಾವರೆ, ಕೆಂದುಟಿ ಮುಂತಾದ ಪದಗಳನ್ನು ಶಾಲೆಯಲ್ಲಿ ಓದಿದವರಿಗೆ ‘ಕೆಂಪು ಕೇರಿ’ ಎಂಬ ಅರ್ಥವೇ ಸಹಜವಾಗಿ ಹೊಳೆಯುತ್ತದೆ. ಆದೇಶ ಸಂಧಿಯ ನಿಯಮವೂ ಇದನ್ನೇ ಬೆಂಬಲಿಸುತ್ತದೆ. ಆ ಭಾಗದ ಕೆಮ್ಮಣ್ಣನ್ನು ಕಂಡವರಿಗೆ ಬೇರೆ ಸಾಕ್ಷ್ಯ ಬೇಕಿಲ್ಲವೆಂಬುದು ನನ್ನ ಎಣಿಕೆ.

ಇನ್ನು ನೆಲದ ಇಳಿಜಾರು. ಬೆಂಗಳೂರು ಒಂದು ದಿಣ್ಣೆಯ ಮೇಲೆ ಕುಳಿತ ನಗರ. ದಿಣ್ಣೆಯ ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಯ ಕಡೆಗೂ, ಪಶ್ಚಿಮಕ್ಕೆ ಬಿದ್ದ ಮಳೆ ಅರ್ಕಾವತಿಯ ಮೂಲಕ ಕಾವೇರಿಯ ಕಡೆಗೂ ಹರಿಯುತ್ತದೆ. ಈ ಪಶ್ಚಿಮದ ನೀರನ್ನು ಕೂಡಿಸಿಕೊಂಡು ಸಾಗುವ ಹೊಳೆಯೇ ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿ ಹುಟ್ಟಿತೆಂಬ ನಂಬಿಕೆಯಿಂದ ಅದಕ್ಕೆ ಆ ಹೆಸರು ಬಂದಿದೆ. ನಾಯಂಡಹಳ್ಳಿಯನ್ನು ದಾಟಿ ಕೆಂಗೇರಿಯ ಮಗ್ಗುಲಲ್ಲಿ ಹರಿದು, ಬಿಡದಿಯ ಬಳಿ ಬೈರಮಂಗಲದ ಕೆರೆಯನ್ನು ತುಂಬಿ, ಮುಂದೆ ಅದು ಅರ್ಕಾವತಿಯನ್ನು ಸೇರುತ್ತದೆ. ಪಕ್ಕದಲ್ಲಿ ಹೊಳೆ, ಎದುರಿಗೆ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ರಾಜಮಾರ್ಗ. ಪೇಟೆಯಿಂದ ಒಂಬತ್ತು ಮೈಲಿ, ಅಂದರೆ ಎತ್ತಿನಗಾಡಿಗೆ ಅರ್ಧ ದಿನದ ದಾರಿ. ಊರೊಂದು ಬೆಳೆಯಲು ಇಷ್ಟು ಸಾಕು.

ಆ ದಾರಿಯಲ್ಲಿ ರೇಷ್ಮೆಯೂ ಬಂತು. ಮೈಸೂರು ಸೀಮೆಯಲ್ಲಿ ರೇಷ್ಮೆಗೆ ಪ್ರೋತ್ಸಾಹವಿತ್ತವನು ಟಿಪ್ಪು ಸುಲ್ತಾನನೆಂಬುದು ನಿಮಗೆ ತಿಳಿದೇ ಇದೆ. ಆದರೆ 1866ರಲ್ಲಿ ದೆ ವೆಕ್ಕಿ ಎಂಬ ಇಟಲಿಯವನೊಬ್ಬನು ಕೆಂಗೇರಿಯಲ್ಲಿ ಉಗಿಯಂತ್ರದ ನೂಲು ಬಿಚ್ಚುವ ಕಾರ್ಖಾನೆಯನ್ನು ತೆರೆದನೆಂಬುದನ್ನು ಎಷ್ಟು ಮಂದಿ ಬಲ್ಲರು? ಆಗ ರೇಷ್ಮೆಹುಳುವಿಗೆ ಯೂರೋಪಿನಲ್ಲೂ ನಮ್ಮಲ್ಲೂ ರೋಗ ತಗುಲಿ ಸಾಕಣೆದಾರರು ಕಂಗೆಟ್ಟಿದ್ದರು. ಜಪಾನಿನಿಂದ ಮೊಟ್ಟೆಗಳನ್ನು ತರಿಸಿ ತಳಿಯನ್ನು ಉಳಿಸುವ ಪ್ರಯತ್ನವೂ ಆತನದೇ. ಇಟಲಿ, ಜಪಾನು, ಕೆಂಗೇರಿ ಎಂದು ಒಂದೇ ಉಸಿರಿನಲ್ಲಿ ಹೇಳಬಹುದಾದ ಕಾಲವೊಂದು ಇತ್ತು! ಇಂದು ಅದೇ ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ರಾಮನಗರದ ಗೂಡಿನ ಮಾರುಕಟ್ಟೆ ಹೆಸರುವಾಸಿಯಾಗಿದೆ. ಕೆಂಗೇರಿಯ ಕಾರ್ಖಾನೆಯನ್ನು ನೆನೆಯುವವರಿಲ್ಲ.

ಅದಾದ ಹತ್ತು ವರ್ಷಗಳಲ್ಲಿ ಬಂದದ್ದು 1876-78ರ ಮಹಾಕ್ಷಾಮ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ 55 ಸಾವಿರದಷ್ಟಿತ್ತು. 1881ರಲ್ಲಿ ಅದು 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಹೆಚ್ಚಬೇಕಾದ ಜನ ಎಂಟೂವರೆ ಲಕ್ಷಕ್ಕೂ ಮೀರಿ ಕಡಿಮೆಯಾಗಿದ್ದರು. ಹಸಿದವರಿಗೆ ಕೂಲಿಕೊಡುವ ಪರಿಹಾರ ಕಾಮಗಾರಿಯಾಗಿ ಬೆಂಗಳೂರು-ಮೈಸೂರು ರೈಲುದಾರಿಯ ಮಣ್ಣಿನ ಕೆಲಸ ನಡೆಯಿತು. 1882ರ ಹೊತ್ತಿಗೆ ಗಾಡಿ ಮೈಸೂರನ್ನು ಮುಟ್ಟಿತು. ಕೆಂಗೇರಿಯ ನಿಲ್ದಾಣದಲ್ಲಿ ರೈಲು ಹತ್ತುವ ನೀವು ಆ ಏರಿಯ ಮಣ್ಣನ್ನು ಹೊತ್ತವರು ಯಾರೆಂಬುದನ್ನು ಒಮ್ಮೆ ನೆನೆಯಬಹುದು.

ನಮ್ಮ ಧರ್ಮಸಭೆಯ ಚರಿತ್ರೆಯೂ ಇಲ್ಲಿ ಬಂದು ಕೂಡುತ್ತದೆ. ಆ ಕ್ಷಾಮದಲ್ಲಿ ಅನಾಥರಾದ ಮಕ್ಕಳನ್ನು ಫ್ರೆಂಚ್ ಧರ್ಮಪ್ರಚಾರಕರು ಸಾಕಿ, ಬೆಳೆದ ಮೇಲೆ ಭೂಮಿ ಕೊಟ್ಟು ಒಕ್ಕಲು ಮಾಡಿಸಿದರು. ಬೆಂಗಳೂರಿನ ವಾಯವ್ಯಕ್ಕೆ ಸಿಲುವೆಪುರ, ದಕ್ಷಿಣಕ್ಕೆ ಮರಿಯಾಪುರ ಎಂಬ ಊರುಗಳು ಹಾಗೆ ನೆಲೆಗೊಂಡವು. ಪಶ್ಚಿಮ ಬೆಂಗಳೂರಿನ ನಮ್ಮ ಧರ್ಮಕೇಂದ್ರಗಳಲ್ಲಿರುವ ಕನ್ನಡ ಕಥೋಲಿಕ ಮನೆತನಗಳಲ್ಲಿ ಇಂಥ ಹಳ್ಳಿಗಳಿಂದ ಬಂದವರು ಇದ್ದಾರೆ. ಮನೆಯ ಹಿರಿಯರನ್ನು ಕೇಳಿ ನೋಡಿ. ಎರಡು ಮೂರು ತಲೆಮಾರುಗಳ ಆಚೆಗೆ ಯಾರದೋ ಹೆಸರಿನ ಮುಂದೆ ತಂದೆ ತಾಯಿಯರ ಹೆಸರು ನಿಂತುಹೋಗುತ್ತದೆ. ಅದು ಏಕೆ ನಿಂತಿತೆಂಬುದಕ್ಕೆ ಉತ್ತರ ಆ ಜನಗಣತಿಯ ಇಳಿಕೆಯಲ್ಲಿ ಇರಬಹುದು.

ಮುಂದಿನ ನೂರು ವರ್ಷಗಳನ್ನು ಬೇಗನೆ ದಾಟೋಣ. 1949ರಲ್ಲಿ ರಾಜಾಜಿನಗರಕ್ಕೆ ಅಸ್ತಿಭಾರ ಬಿದ್ದು ನಗರ ಪಶ್ಚಿಮಕ್ಕೆ ಹೊರಳಿತು. 1973ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಜ್ಞಾನಭಾರತಿಗೆ ಬಂತು. ಕೆಂಗೇರಿಯ ಮಗ್ಗುಲಲ್ಲೇ ‘ಉಪನಗರ’ ಎದ್ದಿತು. ಹಳೆಯ ಊರಿನವರು ಅದನ್ನು ತಮ್ಮ ಬಡಾವಣೆ ಎಂದುಕೊಂಡರೆ, ಉಪನಗರದವರು ತಮ್ಮನ್ನು ಬೆಂಗಳೂರಿನವರೆಂದೇ ತಿಳಿದುಕೊಂಡರು. ಸಣ್ಣ ಊರು ಕರಗುವುದು ಹೀಗೆಯೇ, ಕಾನೂನು ಬರುವುದಕ್ಕೆ ಬಹಳ ಮೊದಲೇ.

2001ರ ಜನಗಣತಿಯಲ್ಲಿ ಕೆಂಗೇರಿ ಪಟ್ಟಣದ ಜನಸಂಖ್ಯೆ 42 ಸಾವಿರಕ್ಕೂ ಸ್ವಲ್ಪ ಹೆಚ್ಚು. ಪಟ್ಟಣವಾಗಿ ಅದನ್ನು ಎಣಿಸಿದ್ದು ಅದೇ ಕೊನೆಯ ಬಾರಿ. 2007ರಲ್ಲಿ ಏಳು ನಗರಸಭೆಗಳು, ನೂರಕ್ಕೂ ಹೆಚ್ಚು ಹಳ್ಳಿಗಳು ಮತ್ತು ಕೆಂಗೇರಿ ಎಂಬ ಒಂದೇ ಒಂದು ಪುರಸಭೆ ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾಯಿತು. ನಗರದ ವಿಸ್ತೀರ್ಣ 226 ಚದರ ಕಿಲೋಮೀಟರಿನಿಂದ 700ನ್ನು ಮೀರಿತು. 2001ರಲ್ಲಿ 43 ಲಕ್ಷವಿದ್ದ ಪಾಲಿಕೆಯ ಜನಸಂಖ್ಯೆ 2011ರಲ್ಲಿ 84 ಲಕ್ಷವಾಯಿತೆಂದು ನಾವೆಲ್ಲ ಬೆರಗಾದೆವು. ಆದರೆ ಆ ಏರಿಕೆಯ ಒಂದು ದೊಡ್ಡ ಪಾಲು ವಲಸೆಯೂ ಅಲ್ಲ, ಜನನವೂ ಅಲ್ಲ. ಗೆರೆಯನ್ನು ಆಚೆ ಎಳೆದದ್ದು. ಸುತ್ತಣ ಪಟ್ಟಣಗಳನ್ನೂ ಕೂಡಿಸಿ ಎಣಿಸಿದಾಗ 2001ರಲ್ಲೇ ಬೆಂಗಳೂರಿನಲ್ಲಿ 57 ಲಕ್ಷ ಜನರಿದ್ದರು. ಕೆಂಗೇರಿಯವರು ಎಲ್ಲಿಗೂ ಹೋಗದೆಯೇ ಒಂದು ದಿನ ಮಹಾನಗರದವರಾದರು. 2025ರಲ್ಲಿ ಆ ಬೃಹತ್ ಪಾಲಿಕೆಯೂ ಹೋಗಿ ಐದು ಪಾಲಿಕೆಗಳು ಬಂದವು.

ಜನರನ್ನು ಎಣಿಸುವ ವಿಚಾರದಲ್ಲಿ ಪವಿತ್ರ ಗ್ರಂಥಕ್ಕೆ ಎರಡು ಮನಸ್ಸು. ದಾವೀದ ಅರಸನು ಪ್ರಜೆಗಳನ್ನು ಎಣಿಸಿ ಪಶ್ಚಾತ್ತಾಪಪಟ್ಟ ಕಥೆ ಸಮುವೇಲನ ಎರಡನೆಯ ಗ್ರಂಥದಲ್ಲಿದೆ. ಸಂತ ಲೂಕರ ಶುಭಸಂದೇಶದಲ್ಲಾದರೋ ಔಗುಸ್ತ ಚಕ್ರವರ್ತಿಯ ಗಣತಿಯೇ ಜೋಸೆಫ ಮರಿಯರನ್ನು ಬೆತ್ಲೆಹೇಮೆಂಬ ಸಣ್ಣ ಊರಿಗೆ ಕರೆತರುತ್ತದೆ. ಗಣತಿಯ ಪಟ್ಟಿಗೆ ಬೇಕಾದವರಿಗೆ ಛತ್ರದಲ್ಲಿ ಸ್ಥಳ ಸಿಗಲಿಲ್ಲವೆಂಬುದನ್ನು ಶುಭಸಂದೇಶಕಾರರು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತಾರೆ.

ಈಗ ಹೊಳೆಗೆ ಹಿಂತಿರುಗೋಣ, ಏಕೆಂದರೆ ಪುರಸಭೆ ಹೋದರೂ ಇಳಿಜಾರು ಬದಲಾಗಲಿಲ್ಲ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳೆಲ್ಲ ವೃಷಭಾವತಿಯ ಕಣಿವೆಗೆ ಸೇರಿದವು. ನಿಮ್ಮ ಬಚ್ಚಲಿನ ನೀರು, ಸಾಬೂನಿನ ನೊರೆ, ಕೈಗಾರಿಕಾ ಬಡಾವಣೆಗಳ ತ್ಯಾಜ್ಯ ಎಲ್ಲವೂ ಇಳಿಯುವುದು ಆ ಕಡೆಗೇ. ಶುದ್ಧೀಕರಣ ಘಟಕಗಳು ಇವೆ. ಆದರೂ ಮೈಸೂರು ರಸ್ತೆಯಲ್ಲಿ ಹೋಗುವ ಯಾರಿಗೂ ಆ ಹೊಳೆಯ ಸ್ಥಿತಿಯನ್ನು ವರ್ಣಿಸಿ ಹೇಳಬೇಕಿಲ್ಲ, ಮೂಗೇ ಹೇಳುತ್ತದೆ. ಜಗದ್ಗುರು ಫ್ರಾನ್ಸಿಸರು 2015ರಲ್ಲಿ ‘ಲೌದಾತೊ ಸಿ’ ವಿಶ್ವಪತ್ರವನ್ನು ಹೊರಡಿಸಿದಾಗ ಅದರ ಬಗ್ಗೆ ನಮ್ಮ ಧರ್ಮಕೇಂದ್ರಗಳಲ್ಲಿ ಸಭೆಗಳು ನಡೆದವು, ಗಿಡಗಳನ್ನೂ ನೆಟ್ಟೆವು. ನಮ್ಮ ಚರಂಡಿಯ ನೀರು ಯಾರ ಹೊಲಕ್ಕೆ ಹೋಗುತ್ತದೆಂದು ಕೇಳಿದವರು ವಿರಳ.

ಅದು ಹೋಗುವುದು ಬೈರಮಂಗಲಕ್ಕೆ. 1940ರ ದಶಕದಲ್ಲಿ ಬೇಸಾಯಕ್ಕೆಂದು ಕಟ್ಟಿದ ಆ ಜಲಾಶಯದ ಕೆಳಗೆ ಹಿಂದೆ ಭತ್ತ ಬೆಳೆಯುತ್ತಿದ್ದರು. ನೀರು ಕೆಟ್ಟಮೇಲೆ ಅನೇಕರು ಹಸುವಿನ ಮೇವಿನ ಹುಲ್ಲಿಗೂ ಬೇಬಿ ಕಾರ್ನ್‌ಗೂ ತಿರುಗಿದರು. ಅಲ್ಲಿನ ನೀರಿನಲ್ಲಿ, ಮಣ್ಣಿನಲ್ಲಿ ಭಾರಲೋಹಗಳಿರುವುದನ್ನು ಸಂಶೋಧಕರು ಮತ್ತೆ ಮತ್ತೆ ದಾಖಲಿಸಿದ್ದಾರೆ. ಆ ಹುಲ್ಲನ್ನು ತಿಂದ ಹಸುವಿನ ಹಾಲು ಮತ್ತೆ ಬರುವುದು ನಗರಕ್ಕೇ.