ಇಷ್ಟು ಹೇಳಿದರೆ ಸಾಕೇ? ಒಂದು ಬಗೆಯ ಲೆಕ್ಕದ ಇತಿಹಾಸ

ನಮ್ಮ ಶಾಲೆಯ ಗಣಿತ ಪುಸ್ತಕದಲ್ಲಿ ಪ್ರತಿ ಲೆಕ್ಕಕ್ಕೂ ಉತ್ತರ ಇದ್ದೇ ಇರುತ್ತಿತ್ತು. ಅದಕ್ಕೆ ಬೇಕಾದ ಅಂಕಿಗಳೂ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಲೆಕ್ಕದೊಳಗೇ ಇರುತ್ತಿದ್ದವು. ಬಿಇ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದತೊಡಗಿದಾಗ ಬೇರೆಯದೇ ಜಾತಿಯ ಲೆಕ್ಕ ಎದುರಾಯಿತು. ಅಲ್ಲಿ ಉತ್ತರವನ್ನು ಕೇಳುವುದಿಲ್ಲ. ಉತ್ತರ ಹೇಳಲು ಕೊಟ್ಟ ಮಾಹಿತಿ ಸಾಕೇ ಎಂದು ಕೇಳುತ್ತಾರೆ. ಇದರ ಹೆಸರು ‘ಡೇಟಾ ಸಫಿಶಿಯೆನ್ಸಿ’. ಬ್ಯಾಂಕ್ ಹುದ್ದೆಗಳ ಪರೀಕ್ಷೆಯಲ್ಲೂ ಇದು ಬರುವುದರಿಂದ ನಮ್ಮೂರ ಮಕ್ಕಳಿಗೆ ಉಪಯೋಗವಾದೀತೆಂದು ಈ ವಿಷಯ ಆರಿಸಿಕೊಂಡೆ.

ಈ ಪ್ರಶ್ನೆಗೆ ಹೆಸರುವಾಸಿಯಾದದ್ದು ಅಮೆರಿಕದ ಜಿಮ್ಯಾಟ್. ಎಂಬಿಎ ಓದಬಯಸುವವರಿಗಾಗಿ 1954ರಲ್ಲಿ ಬೇರೆ ಹೆಸರಿನಲ್ಲಿ ಆರಂಭವಾದ ಈ ಪರೀಕ್ಷೆಗೆ 1976ರಲ್ಲಿ ಈಗಿನ ಹೆಸರು ಬಂತು. ಮಾದರಿಗೆ ನಾನೇ ಒಂದು ಲೆಕ್ಕ ಕಟ್ಟಿದ್ದೇನೆ. ಹಟ್ಟಿಯಲ್ಲಿ ಕುರಿ, ಮೇಕೆ ಸೇರಿ 36 ಇವೆ, ಕುರಿ ಎಷ್ಟು? ಮೊದಲ ಹೇಳಿಕೆ: ಕುರಿಗಳು ಮೇಕೆಗಳ ಎರಡರಷ್ಟು. ಎರಡನೆಯದು: ಮೇಕೆಗಿಂತ ಕುರಿ 12 ಹೆಚ್ಚು. ಮೊದಲನೆಯದೊಂದೇ ಸಾಕೇ, ಎರಡನೆಯದೊಂದೇ ಸಾಕೇ, ಎರಡೂ ಸೇರಿದರೆ ಮಾತ್ರ ಸಾಕೇ, ಯಾವುದಾದರೊಂದು ಸಾಕೇ, ಎರಡೂ ಸೇರಿದರೂ ಸಾಲದೇ? ಪ್ರತಿ ಪ್ರಶ್ನೆಗೂ ಇವೇ ಐದು ಆಯ್ಕೆಗಳು. ಇಲ್ಲಿ ಯಾವುದಾದರೊಂದು ಸಾಕು. 24 ಎಂದು ಬರೆಯಲು ಜಾಗವೇ ಇಲ್ಲ!

‘ಅವ್ಯಕ್ತ ಎರಡಿದ್ದರೆ ಸಮೀಕರಣವೂ ಎರಡು ಬೇಕು’ ಎಂದು ನಾವೆಲ್ಲ ಕಲಿತಿದ್ದೇವೆ. ಪರೀಕ್ಷೆ ಹೊಡೆಯುವುದು ಅಲ್ಲಿಯೇ. ಎರಡು ನೋಟ್‌ಬುಕ್, ಒಂದು ಪೆನ್ನಿಗೆ 70 ರೂಪಾಯಿ. ನಾಲ್ಕು ನೋಟ್‌ಬುಕ್, ಎರಡು ಪೆನ್ನಿಗೆ 140 ರೂಪಾಯಿ. ಸಮೀಕರಣ ಎರಡಾದರೂ ಎರಡೂ ಹೇಳುವುದು ಒಂದೇ ಮಾತು. ಪೆನ್ನಿನ ಬೆಲೆ ಸಿಗದು. ಇನ್ನೊಂದು ನೋಡಿ: 5 ರೂಪಾಯಿಯ ಪೆನ್ಸಿಲ್, 7 ರೂಪಾಯಿಯ ಪೆನ್ನು ಕೊಂಡು ಒಟ್ಟು 31 ರೂಪಾಯಿ ಕೊಟ್ಟರು. ಸಮೀಕರಣ ಒಂದೇ, ಆದರೂ ಸಾಕು. ಅರ್ಧ ಪೆನ್ನನ್ನು ಯಾರೂ ಮಾರುವುದಿಲ್ಲವಾದ್ದರಿಂದ ಎರಡು ಪೆನ್ಸಿಲ್, ಮೂರು ಪೆನ್ನು ಬಿಟ್ಟು ಬೇರೆ ದಾರಿಯಿಲ್ಲ.

ಸಾಲದ ಮಾಹಿತಿಯ ಪ್ರಶ್ನೆ ಈ ಪರೀಕ್ಷೆಗಿಂತ ಹಳೆಯದು. ಫ್ರೆಂಚ್ ಲೇಖಕ ಫ್ಲೋಬೇರ್ 1841ರಲ್ಲಿ ತಂಗಿಗೆ ಬರೆದ ಪತ್ರದಲ್ಲಿ ಒಂದು ಹಡಗಿನ ವಿವರಗಳನ್ನೆಲ್ಲ ಹೇಳಿ, ಕಪ್ತಾನನ ವಯಸ್ಸೆಷ್ಟು ಎಂದು ತಮಾಷೆಗೆ ಕೇಳಿದ್ದ. 1980ರ ಸುಮಾರಿಗೆ ಗ್ರೆನೋಬಲ್‌ನಲ್ಲಿ ಪ್ರಾಥಮಿಕ ಶಾಲೆಯ 97 ಮಕ್ಕಳಿಗೆ ಇಂಥದೇ ಪ್ರಶ್ನೆ ಕೊಟ್ಟರು: ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ, ಕಪ್ತಾನನ ವಯಸ್ಸೆಷ್ಟು? 76 ಮಕ್ಕಳು ಆ ಅಂಕಿಗಳಿಂದಲೇ ವಯಸ್ಸು ಹೇಳಿಬಿಟ್ಟರು. ಮಕ್ಕಳು ದಡ್ಡರೆಂದು ನನಗನಿಸುವುದಿಲ್ಲ. ಮೇಷ್ಟ್ರು ಕೊಟ್ಟ ಲೆಕ್ಕಕ್ಕೆ ಉತ್ತರ ಇರಲೇಬೇಕೆಂದು ಅವರು ನಂಬಿದ್ದರು, ಅಷ್ಟೆ. ಸಾಫ್ಟ್‌ವೇರ್ ಕೆಲಸದಲ್ಲಿ ಆ ನಂಬಿಕೆ ನಡೆಯದು. ಗ್ರಾಹಕರು ಕೊಟ್ಟ ವಿವರ ಸಾಲದೆಂದು ಮೊದಲೇ ಹೇಳದಿದ್ದರೆ ತಿಂಗಳ ದುಡಿಮೆ ನೀರುಪಾಲು.

ನಮ್ಮ ನಾಡಿನವರೂ ಈ ದಾರಿಯಲ್ಲಿ ನಡೆದವರೇ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ, ಅಂದರೆ 9ನೇ ಶತಮಾನದ ಮಹಾವೀರಾಚಾರ್ಯರು ಸಂಸ್ಕೃತದ ‘ಗಣಿತಸಾರಸಂಗ್ರಹ’ದಲ್ಲಿ ಒಂದು ಹಕ್ಕಿ ಲೆಕ್ಕ ಕೊಟ್ಟಿದ್ದಾರೆ. ಪಾರಿವಾಳ 3 ಪಣಕ್ಕೆ 5, ಸಾರಸ 5 ಪಣಕ್ಕೆ 7, ಹಂಸ 7 ಪಣಕ್ಕೆ 9, ನವಿಲು 9 ಪಣಕ್ಕೆ 3. ರಾಜಕುಮಾರನ ಆಟಕ್ಕೆಂದು 100 ಪಣಕ್ಕೆ 100 ಹಕ್ಕಿ ತರಬೇಕು. ಯಾವುದು ಎಷ್ಟು?

ಅವ್ಯಕ್ತ ನಾಲ್ಕು, ಸಮೀಕರಣ ಎರಡು. ಜಿಮ್ಯಾಟ್ ಆಗಿದ್ದರೆ ‘ಸಾಲದು’ ಎಂದು ಗುರುತು ಹಾಕಿ ಮುಂದೆ ಹೋಗುತ್ತಿದ್ದೆವು. ಆಚಾರ್ಯರು ಅಲ್ಲಿಗೆ ನಿಲ್ಲದೆ ಹೊಂದುವ ಸಂಖ್ಯೆಗಳನ್ನು ಹುಡುಕುವ ವಿಧಾನ ಹೇಳುತ್ತಾರೆ. ನನಗೆ ಈ ರೀತಿಯೇ ಹೆಚ್ಚು ಇಷ್ಟ. 15 ಪಾರಿವಾಳ, 28 ಸಾರಸ, 45 ಹಂಸ, 12 ನವಿಲು ಒಂದು ಉತ್ತರ. 55, 21, 9, 15 ಇನ್ನೊಂದು. ನಾಲ್ಕೂ ಬಗೆಯ ಹಕ್ಕಿ ಇರಬೇಕು, ಗುಂಪು ಒಡೆಯದೆ ಕೊಳ್ಳಬೇಕು ಎಂದರೆ ಒಟ್ಟು ಆರು ಉತ್ತರಗಳಿವೆ. ಉಳಿದ ನಾಲ್ಕನ್ನು ಈ ವರ್ಷದ ಹತ್ತನೇ ತರಗತಿಯವರಿಗೆ ಬಿಟ್ಟಿದ್ದೇನೆ.