ಇಬ್ಬರ ಪಾಲಿನ ಆಟಗಾರ

ನಮ್ಮ ಹಳ್ಳಿಗಳಲ್ಲಿ ಹಸುವನ್ನು ಪಾಲಿಗೆ ಕೊಡುವ ಪದ್ಧತಿ ಹಳೆಯದು. ಹಸು ಒಬ್ಬನದು, ಮೇಯಿಸಿ ಸಾಕುವ ಶ್ರಮ ಇನ್ನೊಬ್ಬನದು. ಹುಟ್ಟಿದ ಕರುವಿನಲ್ಲಿ ಇಬ್ಬರಿಗೂ ಪಾಲು. ಜಗಳ ಹುಟ್ಟುವುದು ಸಾಮಾನ್ಯವಾಗಿ ಪಾಲು ಹಂಚುವ ದಿನ. ಫುಟ್‌ಬಾಲ್ ಆಟಗಾರರನ್ನೂ ಹೀಗೆಯೇ ಪಾಲಿಗೆ ಕೊಡುತ್ತಿದ್ದರೆಂದರೆ ಓದುಗರಿಗೆ ಸೋಜಿಗವಾಗಬಹುದು.

ಇಟಲಿಯಲ್ಲಿ ಇದು ಕಾನೂನುಬದ್ಧ ವ್ಯವಹಾರವೇ ಆಗಿತ್ತು. ಒಬ್ಬ ಆಟಗಾರನ ಹಕ್ಕು ಎರಡು ಕ್ಲಬ್ಬುಗಳಿಗೆ ಅರ್ಧರ್ಧ ಸೇರುತ್ತಿತ್ತು. ಅವಧಿ ಮುಗಿದಾಗ ಒಪ್ಪಂದ ಕುದುರದಿದ್ದರೆ ಎರಡೂ ಕ್ಲಬ್ಬುಗಳು ತಮ್ಮ ಬೆಲೆಯನ್ನು ಬರೆದು ಲಕೋಟೆಯಲ್ಲಿ ಮುಚ್ಚಿ ಕೊಡಬೇಕು. ಹೆಚ್ಚು ಬರೆದವರಿಗೆ ಆಟಗಾರ. 1978ರಲ್ಲಿ ಪಾವೊಲೊ ರೋಸಿಯ ಲಕೋಟೆ ತೆರೆದಾಗ ಯುವೆಂಟಸ್ ಬರೆದದ್ದು 87.5 ಕೋಟಿ ಲಿರಾ. ಸಣ್ಣ ಕ್ಲಬ್ಬಾದ ವಿಚೆಂಜಾ ಬರೆದದ್ದು 260 ಕೋಟಿಗೂ ಹೆಚ್ಚು! ವಿಚೆಂಜಾಕ್ಕೆ ರೋಸಿ ದಕ್ಕಿದ. ಆದರೆ ಮರುವರ್ಷವೇ ಆ ತಂಡ ಕೆಳದರ್ಜೆಗೆ ಜಾರಿತು. 1982ರಲ್ಲಿ ಇಟಲಿಗೆ ವಿಶ್ವಕಪ್ ಗೆಲ್ಲಿಸಿಕೊಟ್ಟವನು ಇದೇ ರೋಸಿ. ಪದ್ಧತಿಯ ಗುಣದೋಷಗಳೆರಡೂ ಈ ಕಥೆಯಲ್ಲಿವೆ. ಸಣ್ಣ ಕ್ಲಬ್ಬಿಗೆ ದೊಡ್ಡ ಆಟಗಾರ ಕಡಿಮೆ ಖರ್ಚಿನಲ್ಲಿ ಸಿಕ್ಕಿದ, ಯುವಕನಿಗೆ ಆಡುವ ಅವಕಾಶ ದೊರೆಯಿತು. ಆದರೆ ಅವನ ಭವಿಷ್ಯ ತೀರ್ಮಾನವಾದದ್ದು ಬೇರೆಯವರ ಲಕೋಟೆಯಲ್ಲಿ. 2014ರಲ್ಲಿ ಇಟಲಿಯ ಒಕ್ಕೂಟ ಈ ಪದ್ಧತಿಯನ್ನು ರದ್ದುಪಡಿಸಿತು. ಕ್ಲಬ್ಬೇ ಅಲ್ಲದ ಹಣವಂತರು ಆಟಗಾರರಲ್ಲಿ ಪಾಲು ಹೊಂದುವುದನ್ನು ಫಿಫಾ 2015ರ ಮೇ 1ರಿಂದ ನಿಷೇಧಿಸಿತು.

ಅದೇ ವರ್ಷಗಳಲ್ಲಿ ನಮ್ಮ ದೇಶದಲ್ಲಿ ಇದಕ್ಕೆ ಹತ್ತಿರದ ಇನ್ನೊಂದು ಏರ್ಪಾಡು ಆರಂಭವಾಯಿತು. 2014ರಲ್ಲಿ ಹುಟ್ಟಿದ ಇಂಡಿಯನ್ ಸೂಪರ್ ಲೀಗ್ ನಡೆಯುತ್ತಿದ್ದುದು ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಮಾತ್ರ. ಆ ಬಳಿಕ ಬೇಸಿಗೆಯವರೆಗೆ ಹಳೆಯ ಐ-ಲೀಗ್. ಇಲ್ಲಿ ಹಂಚಿಕೊಂಡದ್ದು ಆಟಗಾರನ ವರ್ಷವನ್ನು. ಮಿಜೋರಾಮಿನ ಜೆಜೆ ಲಾಲ್‌ಪೆಖ್ಲುವಾ ನಮ್ಮ ಪೆರಿಯಮೇಟಿನ ನೆಹರೂ ಕ್ರೀಡಾಂಗಣದಲ್ಲಿ ಚೆನ್ನೈಯಿನ್ ತಂಡದ ನೀಲಿ ಅಂಗಿ ತೊಟ್ಟು ಆಡಿದರು. ಉಳಿದ ತಿಂಗಳು ಕೋಲ್ಕತ್ತದ ಮೋಹನ್ ಬಗಾನ್ ಆಟಗಾರರು. 2015ರ ಮೇ 31ರಂದು ಬೆಂಗಳೂರಿನ ಕಂಠೀರವದಲ್ಲಿ ಬೆಂಗಳೂರು ತಂಡದೊಡನೆ ಸಮ ಮಾಡಿಕೊಂಡು ಬಗಾನ್ ಐ-ಲೀಗ್ ಗೆದ್ದಿತು. ಅದೇ ಡಿಸೆಂಬರಿನ ಮಹಾಮಳೆಯಿಂದ ಚೆನ್ನೈಯಿನ್ ತಂಡ ತನ್ನ ಊರಿನ ಸೆಮಿಫೈನಲನ್ನು ಪುಣೆಯಲ್ಲಿ ಆಡಬೇಕಾಯಿತು. ಆದರೂ 20ರಂದು ಗೋವೆಯಲ್ಲಿ ಸೂಪರ್ ಲೀಗ್ ಗೆದ್ದಿತು. ಒಂದೇ ವರ್ಷದಲ್ಲಿ ಎರಡು ಊರಿಗೆ ಎರಡು ಪ್ರಶಸ್ತಿ!

ಬೆಂಗಳೂರಿನ ನಾಯಕ ಸುನಿಲ್ ಛೆಟ್ರಿಯನ್ನು 2015ರ ಜುಲೈ ಹರಾಜಿನಲ್ಲಿ ಮುಂಬಯಿ ತಂಡ 1.2 ಕೋಟಿ ರೂಪಾಯಿಗೆ ಪಡೆಯಿತು. ಮರುವರ್ಷ ನಿಜವಾದ ಪರೀಕ್ಷೆ ಬಂದಿತು. ಬೆಂಗಳೂರು ತಂಡ ಎ.ಎಫ್.ಸಿ. ಕಪ್ಪಿನ ಫೈನಲ್ ತಲುಪಿತು. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಹೋಗಿರಲಿಲ್ಲ. ಸೂಪರ್ ಲೀಗ್ ಅಕ್ಟೋಬರ್ 1ಕ್ಕೇ ಆರಂಭವಾಗಿತ್ತು. ಛೆಟ್ರಿ ಯಾರಿಗೆ ಆಡಬೇಕು? ನವೆಂಬರ್ 5ರಂದು ದೋಹಾದ ಫೈನಲ್ ಮುಗಿಯುವವರೆಗೆ ಅವರು ಬೆಂಗಳೂರಿನಲ್ಲೇ ಉಳಿದರು. ಇರಾಕಿನ ವಾಯುಪಡೆಯ ಕ್ಲಬ್ಬಿಗೆ ಒಂದು ಗೋಲಿನಿಂದ ಸೋತ ಮೇಲೆಯೇ ಮುಂಬಯಿಗೆ ಹೋದರು. ಸಾಕಿದವರ ಹಕ್ಕಿಗೆ ಅಂದು ಮನ್ನಣೆ ದೊರೆಯಿತು. ಆದರೆ ಹಣ ಕೊಟ್ಟ ಮುಂಬಯಿಗೆ ಒಂದು ತಿಂಗಳು ನಷ್ಟ. ಎರಡೂ ಕಡೆಗೆ ನ್ಯಾಯವಾಗುವ ದಾರಿ ಇರಲಿಲ್ಲ.

ಈ ಏರ್ಪಾಡಿನಿಂದ ಲಾಭವೇ ಆಗಲಿಲ್ಲವೆನ್ನುವುದು ತಪ್ಪು. ಆಟಗಾರನಿಗೆ ವರ್ಷವಿಡೀ ಕೆಲಸ, ಹೆಚ್ಚಿನ ಸಂಪಾದನೆ, ವಿದೇಶದ ಹಿರಿಯ ಆಟಗಾರರ ಜೊತೆ ಅಭ್ಯಾಸ. ಕ್ಲಬ್ಬಿಗೆ ಸಂಬಳದ ಭಾರ ಕಡಿಮೆ. ಆದರೆ ವಿಶ್ರಾಂತಿಯ ತಿಂಗಳೇ ಇಲ್ಲದ ಕಾಲುಗಳನ್ನು ಕಾಯುವ ಹೊಣೆ ಯಾರದು? ಎರಡೂವರೆ ತಿಂಗಳಿಗೆ ಕೂಡಿ ಚದುರುವ ತಂಡ ಎಳೆಯರನ್ನು ಬೆಳೆಸುವುದು ಹೇಗೆ? ಪಾಲಿನ ಪತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಈ ಎರಡು ಪ್ರಶ್ನೆಗಳಿಗೆ ಉತ್ತರವಿರುವುದಿಲ್ಲ. ಸಂಪಾದನೆ ಸ್ವಲ್ಪ ಕಡಿಮೆಯಾದರೂ ಆಟಗಾರನಿಗೆ ಒಂದೇ ಮನೆ ಇರುವುದು ಮೇಲೆಂದು ನನ್ನ ಅಭಿಪ್ರಾಯ.

2017ರಲ್ಲಿ ಸೂಪರ್ ಲೀಗಿನ ಅವಧಿ ಹಿಗ್ಗಿತು, ಎರಡೂ ಲೀಗುಗಳು ಏಕಕಾಲಕ್ಕೆ ನಡೆದವು. ವರ್ಷವನ್ನು ಹಂಚುವ ಪದ್ಧತಿ ನಿಂತಿತು. ಬೆಂಗಳೂರು ತಂಡವೂ ಸೂಪರ್ ಲೀಗಿಗೆ ಬಂದಿತು. ಛೆಟ್ರಿ ಬೆಂಗಳೂರಿನವರಾಗಿ, ಜೆಜೆ ಚೆನ್ನೈಯವರಾಗಿ ಉಳಿದರು. ಆ ಋತುವಿನ ಫೈನಲ್ 2018ರ ಮಾರ್ಚ್ 17ರಂದು ಕಂಠೀರವದಲ್ಲಿ ನಡೆದದ್ದು ಈ ಎರಡು ತಂಡಗಳ ನಡುವೆಯೇ. ಛೆಟ್ರಿ ಮೊದಲ ಗೋಲು ಹೊಡೆದರು. ಕೊನೆಗೆ ಚೆನ್ನೈಯಿನ್ 3–2ರಿಂದ ಗೆದ್ದಿತು. ಆಟಗಾರರು ಅಂದು ಒಂದೊಂದೇ ತಂಡದವರು. ಇಲ್ಲಿನ ಕನ್ನಡ ಮನೆಗಳಲ್ಲಿ ಮಾತ್ರ ತಂದೆ ಒಂದು ತಂಡಕ್ಕೆ, ಚೆನ್ನೈಯಲ್ಲೇ ಹುಟ್ಟಿದ ಮಗ ಇನ್ನೊಂದಕ್ಕೆ ಚಪ್ಪಾಳೆ ತಟ್ಟಿದ್ದರೆ ಆಶ್ಚರ್ಯವಿಲ್ಲ.